ನೆಂಟರು ಬಂದಿದ್ದಾರೆ, ಓವರ್

ನಿವೃತ್ತರಾದವರಿಗೆಲ್ಲ ಓದುವ ಹವ್ಯಾಸ ತಾನಾಗಿ ಹತ್ತಿಕೊಳ್ಳುತ್ತದೆ ಎಂಬ ನಂಬಿಕೆ ಜನರಲ್ಲಿದೆ. ನನಗೆ ಹತ್ತಿಕೊಂಡದ್ದು ಮಧ್ಯಾಹ್ನದ ನಿದ್ದೆ. ಆದರೂ ಗುಪ್ತಸಂಕೇತಗಳ ಕುರಿತಾದ, ಇಟ್ಟಿಗೆಯಷ್ಟು ದಪ್ಪದ ಒಂದು ರೋಚಕ ಕಾದಂಬರಿಯನ್ನು ಈಚೆಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಇದಕ್ಕೆ ಕಾರಣಳಾದವಳು ನನ್ನ ತಂಗಿಯ ಮಗಳು ಪಲ್ಲವಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿ, ನಾನು ಬಿಟ್ಟು ಬಂದ ಇಲಾಖೆಗೇ ಸೇರಿದ್ದಾಳೆ. ಪುಸ್ತಕವನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಮಾವ, ನೀವು ಇಡೀ ಸರ್ವೀಸು ಕೋಡು ಕೋಡು ಅಂತ ಇದ್ರಲ್ಲ, ಇದನ್ನ ಓದಿ. ಹೆಂಗಿದೆ ಅಂತ ಬರೆದುಕೊಡಿ. ನಮ್ಮ ಬ್ಯಾಚಿನವರಿಗೆಲ್ಲ ಕೊಡ್ತೀನಿ."

"ಚೆನ್ನಾಗಿಲ್ದೇ ಇದ್ರೆ?"

"ಚೆನ್ನಾಗಿಲ್ಲ ಅಂತ ಬರೀರಿ. ಯಾಕೆ ಅಂತನೂ ಬರೀರಿ. ಆದ್ರೆ ದಯವಿಟ್ಟು 'ನಮ್ಮ ಕಾಲದಲ್ಲಿ' ಅಂತ ಶುರು ಮಾಡಬೇಡಿ."

ಈ ಕೊನೆಯ ಷರತ್ತನ್ನು ಪಾಲಿಸಲಾಗದೆಂದು ವಿನಯಪೂರ್ವಕವಾಗಿ ತಿಳಿಸಿ ಮುಂದುವರಿಯುತ್ತೇನೆ.

ಮೊದಲು ವಿಮರ್ಶಕನ ಅರ್ಹತೆ. ಹೆಸರು ಮಲ್ಲಪ್ಪ, ಕರೆಯುವುದು ಮಲ್ಲಣ್ಣ ಎಂದು, ಊರು ಶನಿವಾರಸಂತೆಯ ಕಡೆ. ಅರಣ್ಯ ಇಲಾಖೆಗೆ ವೈರ್‌ಲೆಸ್ ಆಪರೇಟರ್ ಆಗಿ ಸೇರಿದೆ, ವೈರ್‌ಲೆಸ್ ಆಪರೇಟರ್ ಆಗಿಯೇ ಹೊರಬಂದೆ. ನಡುವೆ ಬಡ್ತಿ ಎಂಬುದೊಂದು ಬಂದು ಹೋಯಿತಂತೆ. ನಾನಾಗ ಊಟಕ್ಕೆ ಎದ್ದಿದ್ದಿರಬೇಕು. ಸೇವೆಯ ಬಹುಪಾಲು ಕಳೆದದ್ದು ತಿತಿಮತಿಯಿಂದ ಆಚೆಗೆ, ಕಾಡಂಚಿನ ಒಂದು ವಲಯ ಕಚೇರಿಯಲ್ಲಿ. ಯಾವುದೆಂದು ಹೇಳುವುದಿಲ್ಲ. ಈಗ ಅಲ್ಲಿರುವವರು ಒಳ್ಳೆಯವರು, ಅವರ ನೆಮ್ಮದಿ ಕೆಡಿಸುವ ಉದ್ದೇಶ ನನಗಿಲ್ಲ. ಕಾಡಿನೊಳಗಿನ ಕಾವಲು ಶಿಬಿರಗಳಿಂದ ಬಂದ ಸುದ್ದಿಯನ್ನು ಕೇಳುವುದು, ಬೇಕಾದವರಿಗೆ ಹೇಳುವುದು, ಇಷ್ಟೇ ನನ್ನ ಕೆಲಸ. ನನ್ನ ಮೇಜಿಗೆ 'ಕಂಟ್ರೋಲ್' ಎಂದು ಹೆಸರಿತ್ತು. ಆ ಮೇಜಿನ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು ಇಡದಿದ್ದರೆ ಕಂಟ್ರೋಲ್ ಅಲುಗಾಡುತ್ತಿತ್ತು.

ಇನ್ನು ಕಾದಂಬರಿ. ನಾಯಕ ಗಣಿತಜ್ಞ, ತರುಣ, ತಲೆ ಬಾಚುವುದಿಲ್ಲ. ಜಗತ್ತಿನ ಬ್ಯಾಂಕು, ಸೇನೆ, ಆಸ್ಪತ್ರೆಗಳ ಗುಟ್ಟನ್ನೆಲ್ಲ ಕಾಯುವ ಒಂದು ಮಹಾಸಂಖ್ಯೆ ಖಳನ ಕೈ ಸೇರಲಿದೆ. ನಾಯಕ ಹಲವು ದೇಶ ಸುತ್ತಿ ಅದನ್ನು ತಡೆಯುತ್ತಾನೆ. ಕತೆಯ ಅಂತ್ಯ ಹೇಳಿಬಿಟ್ಟೆನೆಂದು ಬೇಸರಿಸಬೇಡಿ; ಗೆದ್ದವನ ಭಂಗಿಯಲ್ಲಿ ಮುಖಪುಟದ ಮೇಲೇ ನಿಂತಿದ್ದಾನೆ.

ಗುಣ ಮೊದಲು ಹೇಳಬೇಕು. ಎಂದೂ ಭೇಟಿಯಾಗದ ಇಬ್ಬರು, ಊರೆಲ್ಲ ಕೇಳಿಸಿಕೊಳ್ಳುತ್ತಿರುವಾಗಲೇ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟೊಂದನ್ನು ಹುಟ್ಟಿಸಿಕೊಳ್ಳುವುದು ಹೇಗೆ ಎಂಬುದನ್ನು ಲೇಖಕರು ಪೆಟ್ಟಿಗೆ ಮತ್ತು ಬೀಗಗಳ ಉದಾಹರಣೆಯಿಂದ ವಿವರಿಸಿದ್ದಾರೆ. ಎರಡು ಸಲ ಓದಿದೆ, ಅರ್ಥವಾಯಿತು. ಮೂರನೆಯ ಸಲ ಓದಿದೆ, ಮರೆತುಹೋಯಿತು. ಆದರೆ ಅರ್ಥವಾಗಿದ್ದ ಆ ಅರ್ಧ ಗಂಟೆ ಸುಖವಾಗಿತ್ತು.

ದೋಷಗಳಲ್ಲಿ ಮೊದಲನೆಯದು ವೈಯಕ್ತಿಕ. ಇಡೀ ಪುಸ್ತಕದಲ್ಲಿ ನಮ್ಮ ವೃತ್ತಿಯವನು ಒಬ್ಬನೇ, ಒಂದು ಹಡಗಿನ ರೇಡಿಯೋ ಆಪರೇಟರ್. ಅವನು ಬರುತ್ತಾನೆ, 'ಏನೋ ಸದ್ದು ಕೇಳಿಸಿತಲ್ಲ' ಎನ್ನುತ್ತಾನೆ, ಸಾಯುತ್ತಾನೆ. ಹೆಸರೂ ಇಲ್ಲ. ಎಲ್ಲ ಸೇರಿ ಅರ್ಧ ಪುಟ. ಆ ಸಹೋದ್ಯೋಗಿಯ ಗೌರವಾರ್ಥ ನಾನು ಪುಸ್ತಕ ಮುಚ್ಚಿಟ್ಟು, ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಎರಡನೆಯದು, ಆ ಪುಸ್ತಕದಲ್ಲಿ ಯಾರೂ ಯಾರಿಗೂ 'ಮತ್ತೊಮ್ಮೆ ಹೇಳಿ' ಎನ್ನುವುದಿಲ್ಲ. ನಮ್ಮ ಕಾಲದಲ್ಲಿ (ಕ್ಷಮಿಸು ಪಲ್ಲವಿ) ಅತಿ ಹೆಚ್ಚು ಆಡಿದ ಮಾತು ಅದೇ. ಬೆಟ್ಟ ಅಡ್ಡ ಬರುತ್ತಿತ್ತು, ಬ್ಯಾಟರಿ ಸಾಯುತ್ತಿತ್ತು, ಆಂಟೆನಾದ ಮೇಲೆ ಕೊಂಬೆ ಬೀಳುತ್ತಿತ್ತು, ಮಂಗಗಳು ತಂತಿಯನ್ನು ಜೋಕಾಲಿಯೆಂದು ತಿಳಿಯುತ್ತಿದ್ದವು. ನಾಯಕನಿಗೆ ಈ ಕಷ್ಟಗಳಿಲ್ಲ. ಅವನ ಊರಿನಲ್ಲಿ ಮಂಗಗಳಿರಲಿಲ್ಲವೆಂದು ಕಾಣುತ್ತದೆ.

ಈಗ ಸಂಕೇತಗಳ ವಿಷಯಕ್ಕೆ ಬರೋಣ. ಹೊಸದಾಗಿ ಸೇರಿದವರು ಇದನ್ನು ಗಮನವಿಟ್ಟು ಓದಬೇಕು. ನಾನು ಸೇರಿದಾಗ ನಮ್ಮ ವಲಯದಲ್ಲಿ ಜಾರಿಯಲ್ಲಿದ್ದ ಗುಪ್ತಭಾಷೆಯನ್ನು ರಚಿಸಿದವರು ಯಾರೆಂದು ತಿಳಿಯದು. ಮನೆಯಲ್ಲಿ ಹೆಣ್ಣುಮಕ್ಕಳಿದ್ದ ಅಧಿಕಾರಿ ಇರಬೇಕು. ಆನೆಗಳಿಗೆ ನೆಂಟರು. ಜೀಪಿಗೆ ಪಲ್ಲಕ್ಕಿ. ಮೇಲಧಿಕಾರಿಗೆ ಮಾವನವರು. ಮರಗಳ್ಳರ ಮೇಲಿನ ದಾಳಿಗೆ ಮದುವೆ. ಹೀಗಾಗಿ 'ಮಾವನವರು ಪಲ್ಲಕ್ಕಿಯಲ್ಲಿ ಮದುವೆಗೆ ಹೊರಟರು' ಎಂದು ನಾನು ಗಂಭೀರವಾಗಿ ಮೈಕಿನಲ್ಲಿ ಹೇಳಿದರೆ, ಗರಗಸ ಬಿಟ್ಟು ಮನೆಗೆ ಹೋಗುವ ಸಮಯವಾಯಿತೆಂದು ಮರಗಳ್ಳರಿಗೆ ಗೊತ್ತಾಗುತ್ತಿತ್ತು. ನಮಗೆ ಮಾತ್ರ ಅವರಿಗೆ ಗೊತ್ತೆಂದು ಗೊತ್ತಿರಲಿಲ್ಲ.

ಇದು ಬೆಳಕಿಗೆ ಬಂದದ್ದು ಒಂದು ಕಕ್ಕಡದಲ್ಲಿ. ಕಕ್ಕಡವೆಂದರೆ ನಮ್ಮಲ್ಲಿ ಆಷಾಢದ ಹೊತ್ತಿಗೆ ಬರುವ ಜಡಿಮಳೆಯ ತಿಂಗಳು. ಶುಭಕಾರ್ಯವೆಂಬುದು ಯಾರ ಮನೆಯಲ್ಲೂ ನಡೆಯುವುದಿಲ್ಲ. ಅಂಥ ತಿಂಗಳಲ್ಲಿ ಆಗಿನ ರೇಂಜರ್ ಸಾಹೇಬರು ಒಂದೇ ಸಂಜೆ ಮೂರು ಕಡೆ ದಾಳಿ ಇಟ್ಟುಕೊಂಡರು. ನಾನು ಮೂರು ಮದುವೆಗಳನ್ನು ಘೋಷಿಸಿದೆ. ಮರುದಿನ ಕವಲುದಾರಿಯ ಚಾ ಅಂಗಡಿಯ ಹಂಸಾಕ ನನ್ನ ಮುಂದೆ ಲೋಟ ಇಡುತ್ತಾ ಕೇಳಿದರು.

"ಅಲ್ಲ ಮಲ್ಲಣ್ಣ, ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಪಂಚಾಂಗ ನೋಡುವವರು ಯಾರೂ ಇಲ್ವಾ?"

"ಯಾಕೆ ಹಂಸಾಕ?"

"ಕಕ್ಕಡದಲ್ಲಿ ಮೂರು ಮದುವೆ ಇಟ್ಟಿದ್ದೀರಿ. ಕೊಡವರೂ ಮಾಡಲ್ಲ, ಗೌಡರೂ ಮಾಡಲ್ಲ. ಮುಂದೆ ನಿಂತಿದ್ದ ನಿಮ್ಮ ಜೀಪಿನ ವೈರ್‌ಲೆಸ್ ಕೇಳಿ ಇಲ್ಲಿ ಚಾ ಕುಡೀತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವರಲ್ಲಿ ನಾಲ್ಕು ಜನ ಚಾ ಅರ್ಧಕ್ಕೇ ಬಿಟ್ಟು ಓಡಿದ್ರು ನೋಡಿ, ಲೋಟದಲ್ಲಿ ಹಾಗೇ ಉಂಟು."

ವಿಷಯ ಸಾಹೇಬರಿಗೆ ಮುಟ್ಟಿತು. ಅವರು ಗಂಭೀರವಾಗಿ ಆಲೋಚಿಸಿ, ವರ್ಷದ ಎಲ್ಲ ತಿಂಗಳೂ ನಡೆಯಬಹುದಾದ ಕಾರ್ಯಕ್ರಮವೊಂದನ್ನು ಆರಿಸಿ, ಇನ್ನು ಮುಂದೆ ಮದುವೆಯ ಬದಲು 'ತಿಥಿ' ಎನ್ನತಕ್ಕದ್ದು ಎಂದು ಆದೇಶಿಸಿದರು. ಆ ವರ್ಷ ನಮ್ಮ ವಲಯದಲ್ಲಿ ಸಾವು ಬಹಳ ಹೆಚ್ಚಾಯಿತು. ಕಳ್ಳರು ಸಿಕ್ಕಲಿಲ್ಲ.

ಇದೇ ಸಾಹೇಬರಿಗೆ ಒಂದು ಕೆಮ್ಮು ಇತ್ತು. ವಾಕ್ಯಕ್ಕೊಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದರೆ ಸಾಕು, ಇಡೀ ವಲಯ ನೆಟ್ಟಗೆ ನಿಲ್ಲುತ್ತಿತ್ತು. ಒಂದು ಸಂಜೆ ಸೆಟ್ಟಿನಲ್ಲಿ ಅದೇ ದನಿ, ಅದೇ ಕೆಮ್ಮು. "ಕಂದಕದ ಗೇಟಿನಲ್ಲಿರುವವರು ಕೇಳಿ. ನೆಂಟರು ನಿಮ್ಮ ಕಡೆ ಬರುತ್ತಿದ್ದಾರೆ. ಗೇಟು ಬಿಟ್ಟು ಮೇಲಕ್ಕೆ ಬನ್ನಿ." ಆನೆ ತಡೆಯಲು ಕಾಡಂಚಿನಲ್ಲಿ ತೋಡಿದ ಕಂದಕದ ಆ ಗೇಟಿನಲ್ಲಿದ್ದವನು ಚೋಮ, ನಮ್ಮ ವಾಚರ್. ಕಾಡು ಬಲ್ಲವನು, ಹೇಳಿದ ಮಾತು ಕೇಳುವವನು. ಗೇಟು ಬಿಟ್ಟು ಮೇಲಕ್ಕೆ ಹೋದ. ನೆಂಟರು ಬರಲಿಲ್ಲ. ಆದರೆ ತುಂಬಿದ ಲಾರಿಯೊಂದು ಬೀಟೆ ಮರ ಹೊತ್ತು, ತೆರೆದ ಗೇಟಿನಿಂದ ದಾಟಿಹೋಯಿತು. ಸಾಹೇಬರು ಆ ಹೊತ್ತಿನಲ್ಲಿ ಮಡಿಕೇರಿಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದರು, ಬಾಯಲ್ಲಿ ಹತ್ತಿ ಇತ್ತು. ಯಾರೋ ನಮ್ಮದೇ ಒಂದು ಸೆಟ್ಟನ್ನೂ, ಅವರ ಕೆಮ್ಮನ್ನೂ ಕದ್ದಿದ್ದರು.

ಬೈಗುಳವೆಲ್ಲ ಚೋಮನ ಪಾಲಿಗೆ ಬಂತು. "ಸಾಹೇಬ್ರು ಕೆಮ್ಮಿದ್ರೆ ನಂಬಬೇಕೋ ಬೇಡವೋ, ಅಷ್ಟು ಹೇಳಿ ಸಾಕು" ಎಂದು ಅವನು ಬಹಳ ದಿನ ಎಲ್ಲರನ್ನೂ ಕೇಳುತ್ತಿದ್ದ.

ಕಾದಂಬರಿಯ ಇನ್ನೂರನೆಯ ಪುಟದ ಆಸುಪಾಸಿನಲ್ಲಿ ಖಳನು ನಾಯಕನ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಕದಿಯುತ್ತಾನೆ. ಓದುಗರು ಬೆಚ್ಚಿಬೀಳಬೇಕೆಂಬುದು ಲೇಖಕರ ಆಸೆ. ಕೆಮ್ಮನ್ನೇ ಕಳೆದುಕೊಂಡ ವಲಯದವನಾದ ನಾನು ಬೀಳಲಿಲ್ಲ.

ಆ ಸಾಹೇಬರು ವರ್ಗವಾಗಿ ಹೋದರು. ಒಂದೆರಡು ಕೈ ಬದಲಾಗಿ, ಅರವಿಂದ ಎಂಬ ತರುಣ ಅಧಿಕಾರಿ ಬಂದರು. ಮೈಸೂರಿನವರು, ಎಂಜಿನಿಯರಿಂಗ್ ಓದಿ ಆಮೇಲೆ ಕಾಡಿಗೆ ಮನಸ್ಸು ಕೊಟ್ಟವರು. ನನ್ನನ್ನು ಬಹುವಚನದಲ್ಲಿ, ಪೂರ್ತಿ ಹೆಸರು ಹಿಡಿದು ಕರೆದ ಮೊದಲ ಮೇಲಧಿಕಾರಿ. ಮದುವೆ, ತಿಥಿ, ಕೆಮ್ಮಿನ ಕತೆಗಳನ್ನೆಲ್ಲ ಕೇಳಿ ನಗಲಿಲ್ಲ.

"ಮಲ್ಲಪ್ಪನವರೇ, ಇದು ಸಂಕೇತ ಅಲ್ಲ. ಇದು ಒಗಟು. ಒಗಟು ಬಿಡಿಸೋದು ಎಲ್ಲರಿಗೂ ಇಷ್ಟ."

ಅವರು ಜಾರಿಗೆ ತಂದ ಪದ್ಧತಿ ಚೊಕ್ಕವಾಗಿತ್ತು. ವಾರಕ್ಕೊಂದು ಕಾರ್ಡು. ಒಂದೊಂದು ಮಾತಿಗೆ, ಒಂದೊಂದು ಜಾಗಕ್ಕೆ ಒಂದೊಂದು ನಾಲ್ಕಂಕಿಯ ಸಂಖ್ಯೆ. ಮುಂದಿನ ವಾರ ಎಲ್ಲವೂ ಬೇರೆ. ಜೊತೆಗೆ, ಮಾತಾಡುವವನು ನಮ್ಮವನೇ ಎಂದು ತೋರಿಸಲು ಮೊದಲಿಗೆ ಹೇಳಬೇಕಾದ 'ವಾರದ ಸಂಖ್ಯೆ'. ಶಿಬಿರದವರ ಕೈ ಸದಾ ಒದ್ದೆ ಎಂದು ನಾನು ಹೇಳಿದ್ದಕ್ಕೆ ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿದರು. ಆನೆಗಳ ಸುದ್ದಿಯನ್ನೂ ಸಂಖ್ಯೆಯಲ್ಲೇ ಹೇಳಬೇಕೆಂದರು. ಅದಕ್ಕೂ ಕಾರಣವಿತ್ತು: ಹಿಂಡು ಎಲ್ಲಿದೆಯೆಂದು ಹೊರಗೆ ಗೊತ್ತಾದರೆ ಫೋಟೋ ತೆಗೆಯುವವರು, ಪಟಾಕಿ ಹೊಡೆಯುವವರು ಎಲ್ಲ ಅಲ್ಲಿ ನೆರೆದು, ಶಾಂತವಾಗಿದ್ದ ಆನೆಯನ್ನು ಕೆರಳಿಸುತ್ತಿದ್ದರು. ಎಲ್ಲ ವಾಚರುಗಳನ್ನೂ ಕೂರಿಸಿಕೊಂಡು ಒಂದು ಇಡೀ ದಿನ ಪಾಠ ಮಾಡಿದರು.

"ಸಂಖ್ಯೆ ಇಲ್ಲದ ಮಾತನ್ನ ಯಾರೂ ನಂಬಬೇಡಿ. ನನ್ನ ದನಿಯಲ್ಲೇ ಬಂದ್ರೂ ನಂಬಬೇಡಿ."

ಚೋಮ ಎದ್ದು ನಿಂತ. "ನೀವು ಕೆಮ್ಮಿದ್ರೂ?"

"ಕೆಮ್ಮಿದ್ರೂ."

ಅನೇಕ ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕ ಮನುಷ್ಯನ ಮುಖವನ್ನು ನಾನು ಅಂದು ನೋಡಿದೆ.

ಮೊದಲ ತಿಂಗಳಲ್ಲೇ ಒಂದು ಲಾರಿ ಬೀಟೆ ಸಿಕ್ಕಿತು. ಹಂಸಾಕನ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಇಲ್ಲಿಯವರೆಗೆ ಕಾದಂಬರಿಯೂ ನಾವೂ ಒಂದೇ ದಾರಿಯಲ್ಲಿ ನಡೆದೆವು ಎನ್ನಬೇಕು. ಸಂಕೇತ ಗಟ್ಟಿ, ಕಳ್ಳ ಹೊರಗೆ, ನಾವು ಒಳಗೆ. ಆ ಪುಸ್ತಕದ ಪ್ರಕಾರ ಜಗತ್ತಿನಲ್ಲಿ ಇರುವುದು ಎರಡೇ ಬಗೆಯ ಜನ, ಗುಟ್ಟು ಕಾಯುವವರು ಮತ್ತು ಕದಿಯುವವರು.

ಜನವರಿಯಲ್ಲಿ ರೊಬಸ್ಟಾ ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾದಾಗ ಮೂರನೆಯ ಬಗೆಯವರೊಬ್ಬರು ನನ್ನ ಕಚೇರಿಗೆ ಬಂದರು. ಪೂವಯ್ಯ, ಚೋಮನ ಗೇಟಿಗೆ ತಗುಲಿದಂತಿರುವ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಯಾವ ದಿನ ಯಾವ ಬ್ಲಾಕಿನಲ್ಲಿ ಕೊಯ್ಲು ಎಂಬುದೆಲ್ಲ ಅವರದೇ ಜವಾಬ್ದಾರಿ.

"ಎಂತ ಮಲ್ಲಣ್ಣ, ಹೀಗೇ ಒಂದು ಕಾಫಿ ಕುಡಿದು ಹೋಗುವ ಅಂತ ಬಂದೆ."

ಕಾಫಿ ತೋಟದ ರೈಟರ್ ಸರ್ಕಾರಿ ಕಾಫಿ ಹುಡುಕಿಕೊಂಡು ಬಂದಾಗಲೇ ನನಗೆ ಅನುಮಾನವಾಯಿತು. ಕುಡಿದರು, ಮುಖ ಹಿಂಡಿದರು, ಮಾತು ತೆಗೆದರು.

"ಈಚೆಗೆ ನೆಂಟರು ಬರೋದು ಕಡಿಮೆಯಾ?"

"ಯಾರ ಮನೆಗೆ?"

"ಸುಮ್ಮನೆ ಕೇಳಿದೆ ಮಾರಾಯ್ರೇ. ಮೊದಲೆಲ್ಲ ಬೆಳಿಗ್ಗೆ ನೆಂಟರು ಕೆರೆ ಹತ್ರ ಇದ್ದಾರೆ, ಬಿದಿರಿಗೆ ಹೋದ್ರು ಅಂತ ಏನಾದ್ರೂ ಕಿವಿಗೆ ಬೀಳ್ತಿತ್ತು. ಈಗ ಬರೀ ಸಾವಿರದ ಇನ್ನೂರು, ಮೂರು ಸಾವಿರದ ನಾನೂರು. ಹರಾಜು ಕೂಗಿದ ಹಾಗೆ ಉಂಟು."

"ನಮ್ಮ ಗುಪ್ತಭಾಷೆ ನಿಮಗೆ ಹೇಗೆ ಗೊತ್ತು ಪೂವಯ್ಯ?"

"ನನಗೆ ಎಂತ ಗೊತ್ತು? ನನಗೆ ಏನೂ ಗೊತ್ತಿಲ್ಲ. ಈಗ ಅದೇ ತೊಂದರೆ."

ಇಬ್ಬರೂ ಚೆನ್ನಾಗಿಯೇ ನಟಿಸಿದೆವು. ತಮಗೆ ಗೊತ್ತಿಲ್ಲವೆಂದು ಅವರು, ನಾನು ಕೇಳಲಿಲ್ಲವೆಂದು ನಾನು. ಆಮೇಲೆ ಅವರು ನೆಲ ನೋಡುತ್ತಾ ಹೇಳಿದರು.

"ಕೆಳಗಿನ ಬ್ಲಾಕಲ್ಲಿ ಹಣ್ಣು ಉದುರಲಿಕ್ಕೆ ಶುರುವಾಗಿದೆ. ಪಕ್ಕದಲ್ಲೇ ಕೆರೆ, ಆಚೆ ಕಂದಕ ಜರಿದು ಹೋಗಿದೆ. ಪಿಕ್ಕಿಂಗ್ ಮೇಸ್ತ್ರಿ ಜಾನಕಿಯಕ್ಕ ದಿನಾ ಗೇಟಲ್ಲಿ ಕೇಳ್ತಾಳೆ, ರೈಟರೇ, ಇವತ್ತು ಹೆಂಗಸರನ್ನ ಕೆಳಗೆ ಕರ್ಕೊಂಡು ಹೋಗಬಹುದಾ ಅಂತ. ಮೊದಲು ಚೋಮನ ಸೆಟ್ ಕೇಳಿ ಹೇಳ್ತಿದ್ದೆ. ಈಗ ದೇವರ ಮೇಲೆ ಭಾರ ಹಾಕಿ ಹೋಗಿ ಅಂತೇನೆ. ಅವಳೇನು ಕಡಿಮೆಯಾ? ದೇವರ ಹತ್ರ ಸೆಟ್ ಉಂಟಾ ಅಂತ ಕೇಳಿದ್ಲು."

ಅವರು ಹೋದ ಮೇಲೆ ನಾನು ನೇರವಾಗಿ ಅರವಿಂದ ಸಾಹೇಬರ ಕೋಣೆಗೆ ಹೋಗಿ ವಿಷಯ ತಿಳಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ತೋಟದವರು ನಮ್ಮ ಸೆಟ್ ಕೇಳ್ತಿದ್ರಾ? ಎಷ್ಟು ದಿನದಿಂದ?"

"ನಾನು ಸೇರೋಕೆ ಮೊದಲಿಂದ ಇರಬೇಕು ಸಾರ್. ಕೊಯ್ಲಿಗೆ ಹೊರಡೋರು ಬೆಳಿಗ್ಗೆ ಆ ಗೇಟಲ್ಲೇ ಟ್ರ್ಯಾಕ್ಟರ್ ಹತ್ತೋದು. ಚೋಮನ ಸೆಟ್ ಕಿಟಕಿಯಲ್ಲೇ ಇರ್ತದೆ, ಒಳಗಿಟ್ರೆ ಸಿಗ್ನಲ್ ಬರಲ್ಲ."

"ಮತ್ತೆ ಯಾರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತೀವಲ್ಲ ಸಾರ್."

ಅವರು ಕೆಟ್ಟ ಮನುಷ್ಯರಲ್ಲ. ಆ ಕೂಡಲೇ ಒಂದು ವ್ಯವಸ್ಥೆ ಮಾಡಿದರು. ಆನೆ ತೋಟದ ಕಡೆ ಬಂದ ದಿನ ನಾನು ಎಸ್ಟೇಟ್ ಬಂಗಲೆಗೆ ಫೋನ್ ಮಾಡಿ ತಿಳಿಸುವುದು. ಕ್ರಮಬದ್ಧವಾಗಿತ್ತು. ಒಂದೇ ತೊಡಕು. ಬಂಗಲೆಯಲ್ಲಿ ಫೋನ್ ಎತ್ತುವವರು ಏಳುವ ಹೊತ್ತಿಗೆ ಹೆಂಗಸರು ಅರ್ಧ ಚೀಲ ಕೊಯ್ದಿರುತ್ತಿದ್ದರು. ಪೂವಯ್ಯನವರ ಮೊಬೈಲಿಗೆ ಆ ತಗ್ಗಿನಲ್ಲಿ ಸಿಗ್ನಲ್ ಇರಲಿಲ್ಲ. ಇದನ್ನು ಸರಿಪಡಿಸಲು ಯೋಚಿಸುತ್ತಿರುವಾಗಲೇ ಆ ಸೋಮವಾರ ಬಂತು.

ಬೆಳಗಿನ ಮಂಜು ಕಿಟಕಿಗೆ ಒತ್ತಿಕೊಂಡಿತ್ತು. ಒಳಗಿನ ಶಿಬಿರದಿಂದ ಸಂಖ್ಯೆಗಳು ಬಂದವು. ಕಾರ್ಡು ನೋಡಿ ಬಿಡಿಸಿದೆ: ಹಿಂಡು, ಜೊತೆಗೆ ಮರಿ, ಕಂದಕ ದಾಟಿದೆ, ಕೆರೆಯ ಪಕ್ಕದ ಕೆಳಗಿನ ಬ್ಲಾಕು. ಮರಿ ಇರುವ ಹಿಂಡಿನ ಮಧ್ಯೆ ಮಂಜಿನಲ್ಲಿ ಹೆಂಗಸರು ನಡೆದು ಹೋದರೆ ಏನಾಗುತ್ತದೆಂದು ಕಾಡಂಚಿನವರಿಗೆ ವಿವರಿಸಬೇಕಾಗಿಲ್ಲ. ಬಂಗಲೆಗೆ ಫೋನ್ ಮಾಡಿದೆ. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ತಪಾಸಣೆಗೆ ಹೊರಟು ನಿಂತಿದ್ದ ಸಾಹೇಬರು ನನ್ನ ಮುಖ ನೋಡಿ ಒಳಗೆ ಬಂದರು. ನಾನು ಚೋಮನಿಗೆ ಸಂಖ್ಯೆಗಳಲ್ಲಿ ಸಂದೇಶ ಕಳಿಸಿದೆ.

"ಕಂಟ್ರೋಲ್, ಈ ನಂಬರ್ ಯಾವುದೂ ನನ್ನ ಕಾರ್ಡಲ್ಲಿ ಇಲ್ಲ. ಓವರ್."

ಆಗ ನೆನಪಾಯಿತು. ಹೊಸ ವಾರ, ಹೊಸ ಕಾರ್ಡು. ಗೇಟುಗಳಿಗೆ ಕಾರ್ಡು ಹಂಚುವ ಗಾರ್ಡ್ ಜ್ವರವೆಂದು ಮಲಗಿದ್ದ. ಚೋಮನ ಕೈಯಲ್ಲಿದ್ದದ್ದು ಹೋದ ವಾರದ್ದು. ಸಾಹೇಬರು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ಚೋಮ, ನಾನು ರೇಂಜರ್ ಮಾತಾಡ್ತಿರೋದು. ಕೆಳಗಿನ ಬ್ಲಾಕಲ್ಲಿ ಆನೆ ಇದೆ, ಮರಿ ಇದೆ. ಪಿಕ್ಕಿಂಗ್‌ನವರನ್ನ ಗೇಟಿಂದ ವಾಪಸ್ ಕಳಿಸು, ನೀನೂ ಮೇಲಕ್ಕೆ ಬಾ. ಓವರ್."

"ವಾರದ ಸಂಖ್ಯೆ ಹೇಳಿ ಸಾರ್. ಓವರ್."

ಸಾಹೇಬರು ಹೇಳಿದರು.

"ಅದು ಸರಿಯೋ ತಪ್ಪೋ ನನಗೆ ಗೊತ್ತಾಗಲ್ಲ, ಹೊಸ ಕಾರ್ಡ್ ಬಂದಿಲ್ಲ. ಓವರ್."

"ಹೋದ ವಾರದ್ದು ಹೇಳ್ತೀನಿ, ನೋಡ್ಕೋ."

"ಹಳೇ ಸಂಖ್ಯೆ ಯಾರು ಹೇಳಿದ್ರೂ ನಂಬಬೇಡ ಅಂತ ಸಾಹೇಬ್ರು ಹೇಳಿದ್ದಾರೆ. ಓವರ್."

"ಆ ಸಾಹೇಬ ನಾನೇ ಕಣಯ್ಯಾ!"

"ಹಾಗೇ ಹೇಳ್ತಾರೆ ಅಂತಲೂ ಹೇಳಿದ್ದಾರೆ. ಓವರ್."

ಚೋಮನದು ತಪ್ಪೆನ್ನುವಂತಿರಲಿಲ್ಲ. ನೆಂಟರು ಬಂದರು, ಗೇಟು ಬಿಟ್ಟು ಬಾ ಎಂಬ ಮಾತಿಗೇ ಅವನು ಹಿಂದೆ ಮೋಸಹೋಗಿದ್ದ. ಕಲಿಸಿದ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿದ ಶಿಷ್ಯ ಇನ್ನೊಬ್ಬನಿರಲಾರ. ಗುರುಗಳ ಮುಖದಲ್ಲಿ ಮಾತ್ರ ಬೆವರು ಇಳಿಯುತ್ತಿತ್ತು. ಸೆಟ್ಟಿನ ಹಿಂದೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡುವ ಸದ್ದು ಕೇಳಿಸಿತು.

ಮೈಕನ್ನು ನಾನು ತೆಗೆದುಕೊಂಡೆ. "ಚೋಮ, ನಾನು ಮಲ್ಲಣ್ಣ. ನೆಂಟರು ಬಂದಿದ್ದಾರೆ. ಕೆಳಗೆ ಯಾರನ್ನೂ ಬಿಡಬೇಡ. ಓವರ್."

"ದನಿ ಮಲ್ಲಣ್ಣನದೇ ಉಂಟು. ಆದ್ರೆ ಆವತ್ತು ಕೆಮ್ಮೂ ಸಾಹೇಬ್ರದ್ದೇ ಇತ್ತು."

ಅವನು ಓವರ್ ಎನ್ನಲು ಮರೆತು ಗುಂಡಿಯನ್ನು ಹಾಗೇ ಒತ್ತಿ ಹಿಡಿದಿದ್ದ. ಹಿಂದಿನಿಂದ ಒಂದು ಹೆಂಗಸಿನ ದನಿ, ತೋಟದ ಆ ತುದಿಯಿಂದ ಈ ತುದಿಗೆ ಕೇಳಿಸಿ ಅಭ್ಯಾಸವಿರುವ ದನಿ, ನಮ್ಮ ಕೋಣೆಗೆ ನುಗ್ಗಿತು.

"ಏ ಚೋಮಣ್ಣ, ಎಂತ ನಂಬರ್ ನಂಬರ್ ಅಂತ ನಿಂತಿದ್ದೀಯ? ಕೇಳು ಅವರ ಹತ್ರ. ಹುತ್ತರಿಗೆ ರೈಟರ ಮನೇಲಿ ಕಡಂಬುಟ್ಟಿನ ಜೊತೆ ಎಂತ ಕೇಳಿದ್ರು ಅಂತ. ಮಲ್ಲಣ್ಣ ಆದ್ರೆ ಹೇಳ್ತಾರೆ. ಬೇರೆಯವರ ಬಾಯಲ್ಲಿ ಆ ಮಾತು ಬರಲಿಕ್ಕೇ ಇಲ್ಲ."

ಜಾನಕಿಯಕ್ಕ. ಇಲ್ಲಿ ಹೊರಗಿನವರಿಗೊಂದು ವಿವರಣೆ ಅಗತ್ಯ. ಕಡಂಬುಟ್ಟು ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೇಯಿಸುವುದು. ಅದರ ಜೊತೆಗೆ ಹಂದಿ ಸಾರು ಎಂಬುದು ಈ ಜಿಲ್ಲೆಯಲ್ಲಿ ಪ್ರಶ್ನೆಗೆ ಅತೀತವಾದ ವಿಷಯ. ನಾನು ಮಾಂಸ ತಿನ್ನದ ಮನೆತನದವನು. ಸುಗ್ಗಿಯ ಹುತ್ತರಿ ಹಬ್ಬಕ್ಕೆ ಪೂವಯ್ಯನವರ ಮನೆಗೆ 'ನಿಜವಾದ' ನೆಂಟನಾಗಿ ಹೋದಾಗ, ಎಲೆಯ ಮೇಲೆ ಬಿದ್ದ ಆ ಉಂಡೆಯ ಜೊತೆಗೆ ನಾನು ಕೇಳಬಾರದ್ದನ್ನು ಕೇಳಿದ್ದೆ. ಆ ಮನೆಯ ಹಿರಿಯರು ಊಟದ ನಡುವೆ ಎದ್ದುಹೋಗಿದ್ದರು, ನಗು ತಡೆಯಲಾರದೆ. ಬಡಿಸುತ್ತಿದ್ದವರಲ್ಲಿ ಜಾನಕಿಯಕ್ಕ ಒಬ್ಬಳು. ವಿಷಯ ಮನೆಯೊಳಗೇ ಉಳಿಯಲಿ ಎಂದು ನಾನು ಅವರಿಂದ ಮಾತು ತೆಗೆದುಕೊಂಡಿದ್ದೆ.

ನಮ್ಮ ಸೆಟ್ಟು ಇಡೀ ವಲಯಕ್ಕೆ ಕೇಳಿಸುತ್ತಿತ್ತು. ಪ್ರತಿ ಶಿಬಿರ, ಪ್ರತಿ ಗೇಟು, ಜೀಪುಗಳು, ಮತ್ತು ಕದ್ದ ಸೆಟ್ಟಿಟ್ಟುಕೊಂಡಿದ್ದ ಮಹನೀಯರು. ಚೋಮ ಗುಂಡಿ ಬಿಟ್ಟದ್ದೇ ನಾನು ನನ್ನದನ್ನು ಒತ್ತಿದೆ.

"ಸಕ್ಕರೆ. ಓವರ್."

ಚೋಮ ಮತ್ತೆ ಗುಂಡಿ ಒತ್ತಿದ್ದೇ ಸೆಟ್ಟಿನಲ್ಲಿ ಹೆಂಗಸರ ನಗು ಅಲೆಯಲೆಯಾಗಿ ಬಂತು, ಅದರ ಹಿಂದೆ ಬುತ್ತಿ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಾ ಮೇಲಕ್ಕೆ ತಿರುಗಿದವು. ಟ್ರ್ಯಾಕ್ಟರ್ ಸದ್ದು ನಿಂತಿತು.

"ಕಂಟ್ರೋಲ್, ಸಂದೇಶ ನಿಜವಾದದ್ದು" ಎಂದ ಚೋಮ, ಅಧಿಕೃತ ಗಾಂಭೀರ್ಯದಿಂದ. "ಗೇಟ್ ಹಾಕಿದೆ. ಎಲ್ಲರನ್ನೂ ಮೇಲೆ ಕಳಿಸಿದೆ. ಓವರ್."

ಸಾಹೇಬರು ಕುರ್ಚಿ ಎಳೆದು ಕೂತರು.

"ಸಕ್ಕರೆಯಾ, ಮಲ್ಲಪ್ಪನವರೇ?"

"ತುಪ್ಪನೂ ಇತ್ತು ಸಾರ್."

ಮಂಜು ಕರಗಿದ ಮೇಲೆ ಪೂವಯ್ಯ ಬ್ಲಾಕಿನ ಅಂಚಿಗೆ ಹೋಗಿ ನೋಡಿಬಂದರು. ಹಿಂಡು ಕೆರೆಯ ಏರಿಯ ಮೇಲೆ, ಹೆಂಗಸರು ಬುತ್ತಿ ಇಡುವ ಅತ್ತಿ ಮರದ ಕೆಳಗೇ ನಿಂತಿತ್ತಂತೆ. ಮರಿ ನಡುವೆ. ಬಿಸಿಲೇರಿದ ಮೇಲೆ ತಾವಾಗಿ ಕಂದಕ ದಾಟಿ ಹಿಂದಕ್ಕೆ ಹೋದವು. ಒಂದಷ್ಟು ಗಿಡ ಮುರಿದಿತ್ತು. ಬೇರೇನೂ ಆಗಲಿಲ್ಲ. ಕಾದಂಬರಿಕಾರರಿಗೆ ಇಂಥದ್ದು ಪ್ರಯೋಜನಕ್ಕೆ ಬಾರದೆಂದು ನಾನು ಬಲ್ಲೆ.

ಹೊಸಬರಿಗೆ ನನ್ನ ಅಭಿಪ್ರಾಯ ಇಷ್ಟು. ಪುಸ್ತಕ ಓದಿ, ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಬೀಗ ಎಷ್ಟು ಗಟ್ಟಿಯಿರಬೇಕೆಂಬುದನ್ನು ಅದು ನನಗಿಂತ ಚೆನ್ನಾಗಿ ಹೇಳುತ್ತದೆ. ಆದರೆ ಅಷ್ಟು ಪುಟಗಳಲ್ಲಿ ಒಬ್ಬನಾದರೂ, ಈ ಸುದ್ದಿ ಯಾರಿಗೆ ಬೇಕು, ಅವರಿಗೆ ಮುಟ್ಟಿತೇ ಎಂದು ಕೇಳುವುದಿಲ್ಲ. ನೀವು ಕೂರುವ ಮೇಜಿನಲ್ಲಿ ಈಗ ಕಂಪ್ಯೂಟರ್ ಇರಬಹುದು, ಆನೆ ಬಂದರೆ ಮೊಬೈಲಿಗೆ ಸಂದೇಶ ಹೋಗಬಹುದು. ಸಿಗ್ನಲ್ ಇಲ್ಲದ ತಗ್ಗಿನಲ್ಲಿ ನಿಂತು ಕಿವಿಗೊಟ್ಟವರು ಯಾರೆಂದು ಸೇರಿದ ಮೊದಲ ವಾರವೇ ಹೋಗಿ ನೋಡಿಕೊಂಡು ಬನ್ನಿ. ಅವರು ತಾವಾಗಿ ಬಂದು ಹೇಳುವುದಿಲ್ಲ.

ಅರವಿಂದ ಸಾಹೇಬರು ಹೀಗೆ ಹೋಗಿ ಬಂದರು. ಅಂದು ಸಂಜೆ ತೋಟದ ಆಳುಗಳ ಸಾಲಿನಲ್ಲಿದ್ದ ಜಾನಕಿಯಕ್ಕನ ಲೈನ್‌ಮನೆಯ ಮುಂದೆ ಏನು ಮಾತಾಯಿತೋ ನನಗೆ ತಿಳಿಯದು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನನ್ನ ಪಕ್ಕ ನಿಂತಿದ್ದರು. ದಾಳಿಯ ಮಾತೆಲ್ಲ ಕಾರ್ಡಿನಲ್ಲೇ ಇರಲಿ, ತೋಟದ ಕಡೆ ಬಂದ ಆನೆಯ ಸುದ್ದಿಯನ್ನು ಮಾತ್ರ ಬೆಳಿಗ್ಗೆ ನೇರ ಕನ್ನಡದಲ್ಲಿ, ನಾನೇ ಹೇಳಬೇಕು ಎಂದರು. ಮೊದಲ ದಿನ ಮಾತ್ರ ತಾವೇ ಹೇಳುವುದಾಗಿ ಮೈಕ್ ಎತ್ತಿಕೊಂಡರು.

ವೈರ್‌ಲೆಸ್ಸಿನಲ್ಲಿ ಯಾವ ಸಂದೇಶವನ್ನೂ ಯಾರಿಂದ, ಯಾರಿಗೆ ಎಂದು ಹೇಳದೆ ಶುರುಮಾಡುವಂತಿಲ್ಲ. ಸಾಹೇಬರು "ಕಂಟ್ರೋಲಿನಿಂದ" ಎಂದರು. ಎಂದು, ನಿಂತರು. ಮುಂದೆ ಯಾರ ಹೆಸರು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ನನ್ನತ್ತ ನೋಡಿದರು.

ಚೋಮ ನಿಯಮ ಬಿಡುವವನಲ್ಲ. "ಯಾರಿಗೆ ಸಾರ್? ಓವರ್."

"ಎಲ್ಲರಿಗೂ" ಎಂದರು ಸಾಹೇಬರು, ಮೆಲ್ಲಗೆ.

ಅವನು ಸೆಟ್ಟನ್ನು ಕಿಟಕಿಯಿಂದ ಆಚೆಗೆ ತಿರುಗಿಸಿಟ್ಟ ಸದ್ದು ನಮಗೆ ಕೇಳಿಸಿತು.

"ಎಲ್ಲರೂ ಇಲ್ಲೇ ಇದ್ದಾರೆ ಸಾರ್. ಹೇಳಿ. ಓವರ್."